ಮನಾಲಿ–ಲೇಹ್ ದಾರಿಯಲ್ಲಿ ಅಕಾಲದ ಹಿಮ: ವಾಹನದ ದೋಷ ಪತ್ತೆ ಮತ್ತು ನಿವಾರಣೆ

2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಸಂಚಾರಕ್ಕೆ ತೆರೆದ ಮೇಲೆ, ಮನಾಲಿಯಿಂದ ಲೇಹ್‌ಗೆ ಹೋಗುವವರು 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸನ್ನು ಹತ್ತಿ ಇಳಿಯಬೇಕಾದ ಅಗತ್ಯ ಉಳಿದಿಲ್ಲ. ಇದರಿಂದ ಈ ದಾರಿಯ ಹಿಮದ ಕಾಟವೇ ತೀರಿತು ಎಂಬ ಭಾವನೆ ಹಲವರಲ್ಲಿದೆ. ಸುರಂಗ ತಪ್ಪಿಸುವುದು ಒಂದೇ ಪಾಸನ್ನು. ದಾರ್ಚಾ ದಾಟಿದ ಮೇಲೆ ಸುಮಾರು 4,890 ಮೀಟರಿನ ಬಾರಾಲಾಚಾ ಲಾ, 5,000 ಮೀಟರ್ ಮೀರುವ ಲಾಚುಲುಂಗ್ ಲಾ ಮತ್ತು 5,328 ಮೀಟರಿನ ತಂಗ್‌ಲಂಗ್ ಲಾ ಪಾಸುಗಳು ಮೊದಲಿನಂತೆಯೇ ಬಯಲಿಗೆ ಬಿದ್ದಿವೆ. 2018ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ, ಇನ್ನೂ ಪ್ರವಾಸಿಗರ ಕಾಲವಿರುವಾಗಲೇ ಸುರಿದ ಹಿಮದಿಂದ ಲಾಹೌಲ್ ಕಣಿವೆಯಲ್ಲಿ ನೂರಾರು ಜನ ಸಿಕ್ಕಿಬಿದ್ದು, ಅವರಲ್ಲಿ ಅನೇಕರನ್ನು ವಾಯುಪಡೆಯ ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು.

ಕರ್ನಾಟಕದಿಂದ ಸ್ವಂತ ಕಾರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಈ ದಾರಿಗೆ ಹೋಗಿ, ನಿರೀಕ್ಷೆಯಿಲ್ಲದೆ ಹಿಮಕ್ಕೆ ಸಿಕ್ಕವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಅಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು. ರೇಡಿಯೇಟರಿಗೆ ಬೆಂಗಳೂರಿನಲ್ಲಿ ಸುರಿದ ನೀರು, ಪಂಜಾಬಿನ ಬಯಲಿನಲ್ಲಿ ತುಂಬಿಸಿದ ಡೀಸೆಲ್, ಬಿಸಿಲುನಾಡಿಗೆ ಸಾಕಾಗುವಷ್ಟೇ ಜೀವ ಉಳಿದಿರುವ ಬ್ಯಾಟರಿ, ಟಾರು ರಸ್ತೆಯಲ್ಲಿ ರೂಢಿಯಾದ ಬ್ರೇಕ್ ಹಿಡಿಯುವ ಕ್ರಮ ಇವೆಲ್ಲ ಬಯಲಿನಿಂದ ನಾವು ಹೊತ್ತು ತಂದವು, ಮತ್ತು ಹಿಮದಲ್ಲಿ ಇವೇ ದೋಷದ ರೂಪ ತಾಳುತ್ತವೆ. ಆದ್ದರಿಂದ ಬಾನೆಟ್ ಎತ್ತುವ ಮೊದಲು, ಕೆಟ್ಟಿರುವುದು ಯಂತ್ರವೋ ಅಥವಾ ಯಂತ್ರದ ಒಳಗೆ, ಕೆಳಗೆ, ಸುತ್ತ ಇರುವ ವಸ್ತುವೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಪರೀಕ್ಷೆಗೆ ಮುನ್ನ

ತಿರುವಿನಲ್ಲಿ, ನಾಲಾ (ಬೆಟ್ಟದ ತೊರೆ) ರಸ್ತೆಯನ್ನು ದಾಟುವ ಜಾಗದಲ್ಲಿ, ಹಿಮ ಜಾರಿದ ಗುರುತಿರುವ ಇಳಿಜಾರಿನ ಕೆಳಗೆ ವಾಹನ ನಿಲ್ಲಿಸಿ ದೋಷ ಹುಡುಕಬಾರದು. ಸಾಧ್ಯವಾದಷ್ಟೂ ಬೆಟ್ಟದ ಬದಿಗೆ ಒತ್ತರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರದ ಕೆಳಗೆ ಕಲ್ಲಿಟ್ಟು ಕೆಲಸ ಶುರುಮಾಡಬೇಕು. ಚಾಲೂ ಇರುವ ಎಂಜಿನ್ನನ್ನು, ಬಿಸಿ ಮೀಟರ್ ಏರುತ್ತಿಲ್ಲದಿದ್ದರೆ, ಕಾರಣ ತಿಳಿಯುವ ತನಕ ಆರಿಸಬಾರದು. ಆರಿಸಿದ್ದು ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆ ಆ ಚಳಿಯಲ್ಲಿ ಇಲ್ಲ. ಆದರೆ ಎಂಜಿನ್ ಓಡುತ್ತಿರುವಷ್ಟೂ ಹೊತ್ತು ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿಲ್ಲವೆಂದು ಮತ್ತೆ ಮತ್ತೆ ನೋಡುತ್ತಿರಬೇಕು. ಇದರ ಕಾರಣ ಮುಂದೆ ಬರುತ್ತದೆ.

ವಾಹನ ಮುಂದಕ್ಕೆ ಚಲಿಸುತ್ತಿಲ್ಲ

ಈ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸ್ಥಿತಿಗಳಿರಬಹುದು, ಮತ್ತು ಹೊರಗೆ ನಿಂತ ಒಬ್ಬರು ಚಕ್ರಗಳನ್ನು ನೋಡಿ ಹೇಳಿದರೆ ಅರ್ಧ ನಿಮಿಷದಲ್ಲಿ ಅವು ಬೇರ್ಪಡುತ್ತವೆ. ಮೊದಲ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಚಕ್ರ ತಿರುಗಿಯೂ ವಾಹನ ಅಲುಗದಿದ್ದರೆ ತೊಂದರೆ ಹಿಡಿತದ್ದು. ಚಕ್ರ ತಿರುಗದೆ ಎಂಜಿನ್ ನಡುಗಿ ಆರಿಹೋಗುವಂತಾದರೆ ಬ್ರೇಕ್ ಹೆಪ್ಪುಗಟ್ಟಿ ಚಕ್ರವನ್ನು ಹಿಡಿದಿದೆ. ಚಕ್ರವೂ ತಿರುಗದೆ, ಎಂಜಿನ್ನಿಗೆ ಭಾರವೂ ಬೀಳದೆ, ಸುಟ್ಟ ವಾಸನೆ ಮಾತ್ರ ಬಂದರೆ ಕ್ಲಚ್ ಸವೆದಿದೆ ಎಂದರ್ಥ; ರಸ್ತೆಯಲ್ಲಿ ನಿಂತು ಸರಿಪಡಿಸಲು ಆಗದ ದೋಷ ಈ ಮೂರರಲ್ಲಿ ಇದೊಂದೇ.

ಹಿಡಿತ ತಪ್ಪಿದಾಗ ಆಕ್ಸಿಲರೇಟರ್ ಒತ್ತುತ್ತಾ ಹೋಗುವುದು ಬಹುತೇಕ ಎಲ್ಲರೂ ಮಾಡುವ ಕೆಲಸ. ತಿರುಗುವ ಟಯರಿನ ಬಿಸಿಗೆ ಕೆಳಗಿನ ಹಿಮ ಕರಗಿ, ಮರುಕ್ಷಣವೇ ನುಣುಪಾದ ಮಂಜುಗಡ್ಡೆಯಾಗುತ್ತದೆ. ಮೊದಲು ಐದು ನಿಮಿಷದಲ್ಲಿ ಹೊರಬರಬಹುದಾಗಿದ್ದ ಗಾಡಿ ಆಮೇಲೆ ಗಂಟೆಗಟ್ಟಲೆ ಅಲ್ಲೇ ಉಳಿಯುತ್ತದೆ. ಚಕ್ರ ತಿರುಗಿಸುವುದನ್ನು ನಿಲ್ಲಿಸಿ, ಬಗ್ಗಿ ವಾಹನದ ಹೊಟ್ಟೆಯನ್ನು ನೋಡಬೇಕು. ಹೊಟ್ಟೆ ಹಿಮದ ಗುಡ್ಡೆಯ ಮೇಲೆ ಕುಳಿತಿದ್ದರೆ ಚಕ್ರಕ್ಕೆ ಭಾರವೇ ಬೀಳುತ್ತಿಲ್ಲ, ಆಗ ಚೈನ್ ಹಾಕಿದರೂ ಪ್ರಯೋಜನವಿಲ್ಲ. ಕೆಳಗಿನ ಹಿಮವನ್ನು ಅಗೆದು ತೆಗೆಯುವುದೊಂದೇ ಉಪಾಯ. ಹೊಟ್ಟೆ ತಾಕಿಲ್ಲದಿದ್ದರೆ ಚಕ್ರಗಳ ಮುಂದೆಯೂ ಹಿಂದೆಯೂ ಒಂದೆರಡು ಅಡಿ ದಾರಿ ಬಿಡಿಸಿ, ರಸ್ತೆಬದಿಯ ಜಲ್ಲಿ, ಮರಳು ಅಥವಾ ಕಾರಿನ ರಬ್ಬರ್ ಮ್ಯಾಟನ್ನು ಟಯರಿಗೆ ಕೊಟ್ಟು, ಎರಡನೆಯ ಗೇರಿನಲ್ಲಿ ಮೆಲ್ಲಗೆ ಎಳೆಸಬೇಕು. ಮ್ಯಾಟ್ ಹಿಂದಕ್ಕೆ ಚಿಮ್ಮುವುದರಿಂದ ಅಲ್ಲಿ ಯಾರೂ ನಿಲ್ಲಬಾರದು.

ಟ್ರಾಕ್ಷನ್ ಕಂಟ್ರೋಲ್ ಇರುವ ಕಾರುಗಳಲ್ಲಿ ಇನ್ನೊಂದು ಗೊಂದಲವಿದೆ. ಚಕ್ರ ಜಾರುತ್ತಿರುವುದನ್ನು ಕಂಡ ಕೂಡಲೇ ಅದು ಎಂಜಿನ್ನಿನ ಶಕ್ತಿಯನ್ನು ತಡೆಯುತ್ತದೆ. ಚಾಲಕರಿಗೆ ಇದು ಎಂಜಿನ್ನೇ ಉಸಿರು ಕಳೆದುಕೊಂಡಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿನುಗುತ್ತಿದ್ದರೆ ದೋಷವಿಲ್ಲ, ವ್ಯವಸ್ಥೆ ತನ್ನ ಕೆಲಸವನ್ನೇ ಮಾಡುತ್ತಿದೆ. ಸಿಕ್ಕಿಬಿದ್ದ ಜಾಗದಿಂದ ಹಿಂದೆ ಮುಂದೆ ತೂಗಿಸಿ ಹೊರಬರುವ ತನಕ ಮಾತ್ರ ಅದನ್ನು ಆರಿಸಿ, ರಸ್ತೆಗೆ ಬಂದೊಡನೆ ಮತ್ತೆ ಹಾಕಿಕೊಳ್ಳಬೇಕು.

ಸ್ನೋ ಚೈನ್ ಯಾವ ಚಕ್ರಕ್ಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾದದ್ದು: ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆಯೋ ಅವುಗಳಿಗೆ. ನಮ್ಮ ಊರಿನ ಬಹುತೇಕ ಹ್ಯಾಚ್‌ಬ್ಯಾಕ್ ಮತ್ತು ಸಣ್ಣ ಎಸ್‌ಯುವಿಗಳಿಗೆ ಮುಂದಿನ ಚಕ್ರಗಳು, ಬೊಲೆರೊದಂಥ ಗಾಡಿಗಳಿಗೆ ಹಿಂದಿನವು. ಮುಂದಿನ ಚಕ್ರಕ್ಕಷ್ಟೇ ಚೈನ್ ಹಾಕಿ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ, ಹಿಡಿತವಿಲ್ಲದ ಹಿಂಭಾಗ ಅಡ್ಡಕ್ಕೆ ತಿರುಗಿಕೊಳ್ಳುತ್ತದೆಂಬುದು ನೆನಪಿರಲಿ. ಚೈನ್ ಹಾಕಿ ನೂರಿನ್ನೂರು ಮೀಟರ್ ಹೋದ ಮೇಲೆ ಒಮ್ಮೆ ನಿಂತು ಬಿಗಿ ಮಾಡದಿದ್ದರೆ ಅದು ಸಡಿಲಗೊಂಡು ಬ್ರೇಕ್ ಪೈಪಿಗೆ ಬಡಿಯಬಹುದು.

ಹೆಪ್ಪುಗಟ್ಟಿದ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳದು, ಮತ್ತು ಅದು ರಾತ್ರಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದರ ಫಲ. ಸಂಜೆ ನಾಲಾ ದಾಟುವಾಗ ಡ್ರಮ್ಮಿನೊಳಗೆ ಸೇರಿದ ನೀರು ಬೆಳಗಾಗುವುದರೊಳಗೆ ಮಂಜುಗಡ್ಡೆಯಾಗಿ ಲೈನರನ್ನು ಡ್ರಮ್ಮಿಗೆ ಅಂಟಿಸುತ್ತದೆ. ಹಿಂದಕ್ಕೂ ಮುಂದಕ್ಕೂ ಸಣ್ಣಗೆ ಎಳೆಸಿದರೆ ಹೆಚ್ಚಿನ ಸಲ ಟಕ್ಕೆಂದು ಬಿಡುತ್ತದೆ. ಬಿಡದಿದ್ದರೆ ವೀಲ್ ಸ್ಪ್ಯಾನರಿನ ಹಿಡಿಯಿಂದ ಡ್ರಮ್ಮನ್ನು ಹಗುರವಾಗಿ ಬಡಿಯಬಹುದು. ನೀರು ಸುರಿಯುವುದಾದರೆ ಉಗುರುಬೆಚ್ಚಗಿನದನ್ನೇ ಸುರಿದು, ತಡಮಾಡದೆ ಓಡಿಸಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಬೇಕು. ಇಲ್ಲವಾದರೆ ಆ ನೀರೇ ಮತ್ತೆ ಹೆಪ್ಪುಗಟ್ಟುತ್ತದೆ. ಜಿಸ್ಪಾದಿಂದ ಮೇಲೆ ರಾತ್ರಿ ತಂಗುವವರು ಹ್ಯಾಂಡ್ ಬ್ರೇಕ್ ಬಿಟ್ಟು, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವುದೇ ಸರಿ.

ವಾಹನ ನಿಲ್ಲುತ್ತಿಲ್ಲ

ಬ್ರೇಕ್ ಪೆಡಲ್ ಕಾಲಿನ ಕೆಳಗೆ ಕಂಪಿಸಿ ಕಟಕಟ ಸದ್ದು ಬಂದು ಗಾಡಿ ಮುಂದೆಯೇ ಸಾಗಿದರೆ, ಬ್ರೇಕ್ ಫೇಲ್ ಆಯಿತೆಂದು ಅನೇಕರು ಗಾಬರಿಯಾಗುತ್ತಾರೆ. ಅದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ರೀತಿ. ಪೆಡಲ್ ಗಟ್ಟಿಯಾಗಿದ್ದು ಕಂಪಿಸುತ್ತಿದ್ದರೆ ಬ್ರೇಕ್ ಸರಿಯಿದೆ, ರಸ್ತೆಯಲ್ಲಿ ಹಿಡಿತವಿಲ್ಲ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಮಾತ್ರ ಅದು ಬ್ರೇಕಿನದೇ ದೋಷ. ಸಡಿಲ ಹಿಮದಲ್ಲಿ ಎಬಿಎಸ್ ಇರುವ ಗಾಡಿ ಇಲ್ಲದ್ದಕ್ಕಿಂತ ಹೆಚ್ಚು ದೂರ ಹೋಗಿ ನಿಲ್ಲುವುದೂ ಉಂಟು, ಏಕೆಂದರೆ ಲಾಕ್ ಆದ ಚಕ್ರದ ಮುಂದೆ ಒಟ್ಟಾಗುವ ಹಿಮದ ಗುಡ್ಡೆಯ ತಡೆ ಇಲ್ಲಿ ಸಿಗುವುದಿಲ್ಲ. ಪ್ರತಿಯಾಗಿ ಸ್ಟೀರಿಂಗ್ ಮಾತು ಕೇಳುತ್ತದೆ.

ಲೆಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಣ ಟಾರಿನ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ ಗಾಡಿ ಎಂಟೊಂಬತ್ತು ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಅಮುಕಿದ ಹಿಮದ ಮೇಲೆ ಇದು ಮೂವತ್ತು ಮೀಟರ್ ದಾಟುತ್ತದೆ, ಮಂಜುಗಡ್ಡೆಯ ಮೇಲೆ ಅರವತ್ತನ್ನು ಮೀರುತ್ತದೆ. ಇದು ಸಮತಟ್ಟು ರಸ್ತೆಯ ಲೆಕ್ಕ. ನೂರು ಮೀಟರಿಗೆ ಎಂಟು ಮೀಟರ್ ಇಳಿಯುವ ರಸ್ತೆಯಲ್ಲಿ, ಮಂಜುಗಡ್ಡೆಯ ಹಿಡಿತದ ಬಹುಪಾಲನ್ನು ಇಳಿಜಾರೇ ನುಂಗಿಹಾಕುವುದರಿಂದ, ಅದೇ 40ರ ವೇಗದ ಗಾಡಿ ನಿಲ್ಲಲು ಮುನ್ನೂರು ಮೀಟರ್ ಬೇಕಾಗುತ್ತದೆ. 21 ಹಿಮ್ಮುರಿ ತಿರುವುಗಳಿರುವ ಗಾಟಾ ಲೂಪ್ಸ್‌ನಂಥ ಕಡೆ ಅಷ್ಟು ದೂರ ನೇರ ರಸ್ತೆ ಎಲ್ಲಿದೆ? ವೇಗವನ್ನು ನಡಿಗೆಗಿಂತ ತುಸು ಹೆಚ್ಚಿಗೆ ಇಳಿಸಿ, ಮೊದಲ ಅಥವಾ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯಬೇಕಾದ್ದು ಈ ಲೆಕ್ಕದಿಂದ. ಗೇರ್ ಇಳಿಸುವಾಗಲೂ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಚಕ್ರ ಜಾರುತ್ತದೆ.

ಕಪ್ಪು ಮಂಜುಗಡ್ಡೆ ಕಣ್ಣಿಗೆ ಒದ್ದೆ ರಸ್ತೆಯಂತೆಯೇ ಕಾಣುತ್ತದೆ. ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮದಿರುವುದು, ಟಯರಿನ ಸದ್ದು ತಟಕ್ಕನೆ ನಿಲ್ಲುವುದು, ಸ್ಟೀರಿಂಗ್ ಹಗುರವಾಗುವುದು ಅದರ ಗುರುತುಗಳು. ಸೇತುವೆಗಳ ಮೇಲೆ, ಬಿಸಿಲು ಬೀಳದ ತಿರುವುಗಳಲ್ಲಿ, ಮಧ್ಯಾಹ್ನ ಕರಗಿದ ನೀರು ಹರಿದ ಜಾಗಗಳಲ್ಲಿ ಇದನ್ನು ನಿರೀಕ್ಷಿಸಬೇಕು. ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಆಗಾಗ ಬ್ರೇಕನ್ನು ಒಮ್ಮೆ ತಾಕಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ

ಇಲ್ಲಿ ಕಿವಿಯೇ ಮೊದಲ ಉಪಕರಣ. ಸೆಲ್ಫ್ ಹೊಡೆದಾಗ ಬರೀ ಟಿಕ್ ಟಿಕ್ ಸದ್ದು ಬಂದರೆ, ಅಥವಾ ಎಂಜಿನ್ ಎಳೆದೆಳೆದು ತಿರುಗಿದರೆ, ತೊಂದರೆ ಬ್ಯಾಟರಿಯದು. ಸೆಲ್ಫ್ ಎಂದಿನ ಚುರುಕಿನಲ್ಲೇ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಇಂಧನದ ಕಡೆ ನೋಡಬೇಕು. ಸ್ಟಾರ್ಟ್ ಆಗಿ, ಒಂದೆರಡು ನಿಮಿಷ ಸರಿಯಾಗಿಯೇ ಓಡಿ, ಆಮೇಲೆ ಸೊರಗಿ ಆರಿದರೆ ಡೀಸೆಲ್ ಹೆಪ್ಪಾಗಿದೆಯೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು: ಪೈಪಿನಲ್ಲಿದ್ದಷ್ಟು ಡೀಸೆಲ್ ಉರಿದು ಮುಗಿಯಿತು, ಫಿಲ್ಟರನ್ನು ಮೇಣ ಕಟ್ಟಿಕೊಂಡಿದೆ.

ಬ್ಯಾಟರಿಯ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುತ್ತದೆ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಆಯಿಲ್‌ನಿಂದ ಎಂಜಿನ್ ತಿರುಗಿಸುವ ಶ್ರಮವೂ ಹೆಚ್ಚುತ್ತದೆ. ಮೂರು ನಾಲ್ಕು ವರ್ಷ ಹಳೆಯ ಬ್ಯಾಟರಿ ಬೆಂಗಳೂರಿನಲ್ಲಿ ತಕರಾರಿಲ್ಲದೆ ನಡೆದು, ಸರ್ಚುವಿನ ಟೆಂಟ್ ಪಕ್ಕದಲ್ಲಿ ಕೈಕೊಡುವುದು ಇದರಿಂದಲೇ. ಎಂಜಿನ್ ನಿಂತಿರುವಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಬರದಿದ್ದರೆ ದೋಷ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನದು, ಆಗ ಬೇರೆ ಬ್ಯಾಟರಿ ಹಾಕಿದರೂ ಮರುದಿನ ಅದೇ ಕಥೆ. ಜಂಪ್ ಸ್ಟಾರ್ಟ್ ಮಾಡುವಾಗ ಕಪ್ಪು ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ ಲೋಹಕ್ಕೆ ಕೊಡಬೇಕು. ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ಪದ್ಧತಿ ಹಿಮದ ಮೇಲೆ ನಡೆಯುವುದಿಲ್ಲ. ಕ್ಲಚ್ ಬಿಟ್ಟೊಡನೆ ಚಕ್ರ ತಿರುಗದೆ ಜಾರುತ್ತದೆ, ತಳ್ಳುವವರೂ ಬೀಳುತ್ತಾರೆ.

ಡೀಸೆಲ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದ್ದು. ಡೀಸೆಲ್ಲಿನಲ್ಲಿ ಸಹಜವಾಗಿಯೇ ಮೇಣದ ಅಂಶವಿದ್ದು, ಚಳಿಗೆ ಅದು ಹರಳಾಗುತ್ತದೆ. ಫಿಲ್ಟರ್ ಮುಚ್ಚಿಕೊಳ್ಳುವ ತಾಪಮಾನಕ್ಕೆ ಭಾರತೀಯ ಮಾನಕ ಹಾಕಿರುವ ಗರಿಷ್ಠ ಮಿತಿ ಚಳಿಗಾಲದ ಡೀಸೆಲ್ಲಿಗೆ 6 ಡಿಗ್ರಿ, ಬೇಸಿಗೆಯದಕ್ಕೆ 18 ಡಿಗ್ರಿ ಸೆಲ್ಸಿಯಸ್. ಬಂಕಿನಲ್ಲಿ ಸಿಗುವ ಡೀಸೆಲ್ ಈ ಮಿತಿಗಿಂತ ಉತ್ತಮವಾಗಿರಬಹುದು, ಆದರೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೂ ಅದು ಹರಿಯುತ್ತದೆಂಬ ಖಾತರಿಯನ್ನು ಯಾರೂ ಕೊಟ್ಟಿಲ್ಲ. ಇದೇ ಕಾರಣಕ್ಕೆ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನ ತನಕ ಹರಿಯುವ ವಿಶೇಷ ಡೀಸೆಲನ್ನು ಲಡಾಖಿನಲ್ಲಿ ಮಾರಾಟಕ್ಕೆ ತಂದಿತು. ಮನಾಲಿ ಕಡೆಯಿಂದ ಹೋಗುವವರ ಟ್ಯಾಂಕಿನಲ್ಲಿರುವುದು ಅದಲ್ಲ.

ಹೆಪ್ಪಾಗಿದೆಯೇ ಎಂದು ತಿಳಿಯಲು ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪನ್ನು ಸಡಿಲಿಸಿ, ಸ್ವಲ್ಪ ಡೀಸೆಲನ್ನು ಪಾರದರ್ಶಕ ಬಾಟಲಿಗೆ ಹಿಡಿದು ನೋಡಬಹುದು. ತಿಳಿಯಾಗಿದ್ದರೆ ಕಾರಣ ಬೇರೆ. ಮಜ್ಜಿಗೆಯಂತೆ ಮಸುಕಾಗಿದ್ದರೆ ಸಂಶಯ ಉಳಿಯುವುದಿಲ್ಲ. ಪರಿಹಾರವೆಂದರೆ ಶಾಖ ಮಾತ್ರ. ಫಿಲ್ಟರಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತುವುದು, ಗಾಡಿಯ ಮೂತಿಯನ್ನು ಬಿಸಿಲಿಗೆ ತಿರುಗಿಸಿ ಬೆಳಿಗ್ಗೆ ಹತ್ತು ಗಂಟೆಯ ತನಕ ಕಾಯುವುದು ಸಾಕಾಗುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವ ಅಥವಾ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ಸಲಹೆ ಕೊಡುವವರು ಅಲ್ಲಿ ಸಿಗುತ್ತಾರೆ. ಹಳೆಯ ಲಾರಿಗಳು ಸೀಮೆಎಣ್ಣೆಯನ್ನು ತಾಳಿಕೊಂಡಿರಬಹುದು. ಇಂದಿನ ಕಾಮನ್ ರೈಲ್ ಎಂಜಿನ್ನುಗಳ ಪಂಪಿಗೆ ಡೀಸೆಲ್ಲಿನ ಜಿಡ್ಡೇ ರಕ್ಷಣೆ, ಸೀಮೆಎಣ್ಣೆಯಿಂದ ಪಂಪ್ ಸವೆಯುತ್ತದೆ. ಬೆಂಕಿಯ ಬಗ್ಗೆ ಹೇಳಬೇಕಾದ್ದೇನೂ ಇಲ್ಲ. ಪೆಟ್ರೋಲ್ ಕಾರುಗಳಿಗೆ ಈ ಕಾಟವಿಲ್ಲ.

ಏರಿನಲ್ಲಿ ಎಂಜಿನ್ ಎಳೆಯುತ್ತಿಲ್ಲ, ಅಥವಾ ಬಿಸಿಯಾಗುತ್ತಿದೆ

ಬಾರಾಲಾಚಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಅರ್ಧದಷ್ಟು ಬಲ ಕಳೆದುಕೊಳ್ಳುವುದು ನಿಸರ್ಗನಿಯಮ, ದೋಷವಲ್ಲ. ಟರ್ಬೊ ಇರುವ ಎಂಜಿನ್ ಕೂಡ, ಟರ್ಬೊ ವೇಗ ಹಿಡಿಯುವ ತನಕ ಸತ್ತಂತೆ ಇರುತ್ತದೆ, ಮತ್ತು ಆ ಹೊತ್ತಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಏರಿಸಲು ಹೋಗಿ ಕ್ಲಚ್ ಸುಟ್ಟುಕೊಳ್ಳುವುದು ನಡೆಯುತ್ತದೆ. ಎತ್ತರದಿಂದಾದ ಬಲಹೀನತೆ ಏರುತ್ತಾ ಹೋದಂತೆ ಮೆಲ್ಲಗೆ ಬರುತ್ತದೆ, ಇಳಿದರೆ ಹೋಗುತ್ತದೆ. ಹಿಮದ ಬಿರುಗಾಳಿಯಲ್ಲಿ ಇದ್ದಕ್ಕಿದ್ದಂತೆ ಬಲ ಕುಸಿದರೆ ಗಾಳಿ ಎಳೆಯುವ ಕೊಳವೆಯ ಬಾಯಿಗೂ ಏರ್ ಫಿಲ್ಟರಿಗೂ ಪುಡಿಹಿಮ ಮೆತ್ತಿಕೊಂಡಿರಬಹುದು. ಫಿಲ್ಟರನ್ನು ತೆಗೆದು ಕೊಡವಿ, ಒಣಗಿಸಿ ಮತ್ತೆ ಹಾಕಿದರೆ ಸಾಕು.

ಕೊರೆಯುವ ಚಳಿಯಲ್ಲಿ ಎಂಜಿನ್ ಬಿಸಿಯಾಗುವುದು ವಿಚಿತ್ರವೆನಿಸಿದರೂ ಕಾರಣ ಗೊತ್ತಿರುವಂಥದ್ದು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಬರೀ ನೀರು ಸುರಿಯುತ್ತಾ ಬಂದ ಗಾಡಿಯಲ್ಲಿ ರೇಡಿಯೇಟರಿನೊಳಗಿನ ದ್ರವ ರಾತ್ರಿ ಹೆಪ್ಪುಗಟ್ಟುತ್ತದೆ. ಎಂಜಿನ್ ಸುತ್ತಲಿನದು ಬಿಸಿಯಾದರೂ ರೇಡಿಯೇಟರಿನ ಕಡೆ ಹರಿಯಲಾಗದೆ ಮೀಟರ್ ಏರುತ್ತದೆ. ಮೀಟರ್ ಏರಿಯೂ ಹೀಟರಿನಿಂದ ತಣ್ಣನೆಯ ಗಾಳಿಯೇ ಬಂದರೆ ಹರಿವು ನಿಂತಿದೆ ಎಂದರ್ಥ. ಕೂಡಲೇ ಎಂಜಿನ್ ಆರಿಸಬೇಕು, ಮುಚ್ಚಳ ತೆರೆಯಬಾರದು. ತಾನಾಗಿ ಕರಗಿದ ಮೇಲೆ ಕೆಳಗೆ ಸೋರಿದೆಯೇ ಎಂದು ನೋಡಬೇಕು, ಏಕೆಂದರೆ ಹೆಪ್ಪುಗಟ್ಟುವ ನೀರು ಒಂಬತ್ತು ಪ್ರತಿಶತ ಹಿಗ್ಗಿ ರೇಡಿಯೇಟರನ್ನೂ ಎಂಜಿನ್ ಬ್ಲಾಕನ್ನೂ ಸೀಳಬಲ್ಲದು. ಸಮಪ್ರಮಾಣದಲ್ಲಿ ನೀರು ಬೆರೆಸಿದ ಕೂಲೆಂಟ್ ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗಿನ ತನಕ ಹೆಪ್ಪಾಗುವುದಿಲ್ಲ. ಊರು ಬಿಡುವ ಮೊದಲು ಇದನ್ನು ಪೂರ್ತಿ ಬದಲಿಸುವುದಕ್ಕೆ ತಗಲುವ ಖರ್ಚು, ಈ ಇಡೀ ಪ್ರವಾಸದ ಅತ್ಯಂತ ಲಾಭದ ಖರ್ಚೆಂದೇ ಹೇಳಬೇಕು.

ಡ್ಯಾಶ್‌ಬೋರ್ಡಿನ ದೀಪಗಳು ಮತ್ತು ಟಯರಿನ ಒತ್ತಡ

ಎಬಿಎಸ್ ಮತ್ತು ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ದೀಪಗಳು ಒಟ್ಟಿಗೆ ಹೊತ್ತಿಕೊಂಡರೆ, ಚಕ್ರದ ಒಳಬದಿಯ ಸೆನ್ಸರಿಗೆ ಹಿಮ ಮೆತ್ತಿರುವ ಸಾಧ್ಯತೆಯೇ ಹೆಚ್ಚು. ಹಿಮವನ್ನು ಕೈಯಿಂದ ತೆಗೆದು, ಎಂಜಿನ್ ಆರಿಸದೆ ಸ್ವಲ್ಪ ದೂರ ಓಡಿಸಿ ನೋಡಬೇಕು. ದೀಪ ಆರದಿದ್ದರೂ ಸಾಮಾನ್ಯ ಬ್ರೇಕ್ ಉಳಿದಿರುತ್ತದೆ, ಚಕ್ರ ಲಾಕ್ ಆಗಬಹುದೆಂಬ ಎಚ್ಚರದಿಂದ ಓಡಿಸಬೇಕು, ಅಷ್ಟೆ. ಹೊಗೆಯನ್ನು ಶುದ್ಧಗೊಳಿಸಲು ಯೂರಿಯಾ ದ್ರಾವಣ ಬಳಸುವ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಆ ದ್ರಾವಣವು ಶೂನ್ಯಕ್ಕಿಂತ 11 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅದನ್ನು ಕರಗಿಸುವ ಹೀಟರ್ ಟ್ಯಾಂಕಿನಲ್ಲೇ ಇರುವುದರಿಂದ ಗಾಡಿ ಓಡಿದಂತೆ ಸರಿಹೋಗುತ್ತದೆ. ಕೆಂಪು ಬಣ್ಣದ ಆಯಿಲ್ ದೀಪ ಮಾತ್ರ ಯಾವ ಎತ್ತರದಲ್ಲೂ ಕಡೆಗಣಿಸುವಂಥದ್ದಲ್ಲ.

ಟಯರಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಲವಾಗಿದೆ. ಮೇಲೆ ಹೋದಂತೆ ಟಯರ್ ಉಬ್ಬುತ್ತದೆ, ಗಾಳಿ ಇಳಿಸಬೇಕು ಎನ್ನುತ್ತಾರೆ. ಹೊರಗಿನ ಒತ್ತಡ ಕಡಿಮೆಯಾಗುವುದರಿಂದ ಮೀಟರಿನಲ್ಲಿ ಐದು ಪಿಎಸ್‌ಐ ಹೆಚ್ಚು ತೋರಿಸುವುದು ನಿಜ. ಆದರೆ ಚಳಿಯಿಂದ ಒಳಗಿನ ಗಾಳಿ ಕುಗ್ಗಿ ಹೆಚ್ಚುಕಡಿಮೆ ಅಷ್ಟನ್ನೇ ಕಳೆಯುತ್ತದೆ. ಬೆಂಗಳೂರಿನ 28 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟಯರ್, ಶೂನ್ಯಕ್ಕಿಂತ ಎಂಟು ಡಿಗ್ರಿ ಕೆಳಗಿರುವ ಬಾರಾಲಾಚಾದಲ್ಲೂ ಸರಿಸುಮಾರು 33 ಪಿಎಸ್‌ಐಯನ್ನೇ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಓಡಿ ಬಿಸಿಯಾದ ಟಯರಿನ ಅಂಕಿ ನೋಡಿ ಗಾಳಿ ಬಿಟ್ಟವರಿಗೆ ರಾತ್ರಿ ಹಿಮ ಬಿದ್ದಾಗ ಒತ್ತಡ ಕಡಿಮೆಯೆಂಬ ದೀಪ ಹೊತ್ತಿಕೊಳ್ಳುತ್ತದೆ, ಪಂಕ್ಚರ್ ಹುಡುಕುತ್ತಾ ಕೂರುತ್ತಾರೆ.

ಗಾಜು ಮಸುಕಾಗಿದೆ, ಒಳಗಿರುವವರಿಗೆ ತಲೆನೋವು

ಗಾಜಿನ ಒಳಗಿನ ಮಬ್ಬಿಗೆ ಹೊರಗಾಳಿ ಬರುವಂತೆ ಇಟ್ಟು ಬಿಸಿಗಾಳಿಯನ್ನು ಎಸಿ ಸಮೇತ ಬಿಡಬೇಕು. ತೀರ ಚಳಿಯಲ್ಲಿ ಎಸಿ ಕೆಲಸ ಮಾಡದಿದ್ದರೆ ಕಿಟಕಿಯನ್ನು ಬೆರಳಗಲ ಇಳಿಸಿದರಾಯಿತು. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಹಾಕಿದರೆ ಸೀಳು ಬಿಡುತ್ತದೆ. ವೈಪರ್ ಅಂಟಿರುವಾಗ ಸ್ವಿಚ್ ಹಾಕಿದರೆ ಮೋಟಾರ್ ಸುಡುತ್ತದೆ.

ತಲೆನೋವು, ವಾಕರಿಕೆ, ಮಂಪರು ಕಾಣಿಸಿಕೊಂಡಾಗ ಈ ದಾರಿಯಲ್ಲಿ ಎಲ್ಲರೂ ಎತ್ತರದ ಕಾಯಿಲೆಯೆಂದೇ ಭಾವಿಸುತ್ತಾರೆ, ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಹಿಮದಲ್ಲಿ ನಿಂತ ಗಾಡಿಯಲ್ಲಿ, ಮುಚ್ಚಿದ ಸೈಲೆನ್ಸರಿನಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿದರೂ ಇವೇ ಲಕ್ಷಣಗಳು. ಎತ್ತರದ ಕಾಯಿಲೆ ಮೇಲೇರಿದ ಕೆಲವು ಗಂಟೆಗಳ ನಂತರ, ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಬರುತ್ತದೆ, ಗಾಡಿಯಿಂದ ಇಳಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಎಂಜಿನ್ ಹಾಕಿ ಕುಳಿತ ಸ್ವಲ್ಪ ಹೊತ್ತಿಗೆ ಒಳಗಿದ್ದ ಎಲ್ಲರಿಗೂ ಒಟ್ಟಿಗೆ ತಲೆ ಭಾರವಾಗಿ, ಹೊರಗಿನ ಗಾಳಿಗೆ ಬಂದಾಗ ಹಗುರವಾದರೆ ಅನಿಲವನ್ನೇ ಶಂಕಿಸಬೇಕು. ಎರಡರ ನಡುವೆ ತೀರ್ಮಾನವಾಗದಿದ್ದರೆ ಎಂಜಿನ್ ಆರಿಸಿ, ಬಾಗಿಲು ತೆರೆದು, ಸೈಲೆನ್ಸರ್ ಬಾಯಿ ಬಿಡಿಸುವುದು ಮೊದಲ ಕೆಲಸ. ಆಮೇಲೂ ಬೆಚ್ಚಗಿರಲು ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿರುವ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ನಡೆಯುವಾಗ ಓಲಾಡುವವರನ್ನು, ಕುಳಿತಲ್ಲೇ ಏದುಸಿರು ಬಿಡುವವರನ್ನು ಕಾಯಿಸದೆ ಕೆಳಗಿಳಿಸಬೇಕು. ಗಾಡಿ ಅಲ್ಲೇ ಉಳಿದರೂ ಚಿಂತೆಯಿಲ್ಲ.

ಹಿಂತಿರುಗುವುದು, ಮತ್ತು ಇಳಿದ ಮೇಲೆ

ಹಿಮದಲ್ಲಿ ಹಿಂದಿನ ಗಾಡಿಗಳ ಚಕ್ರದ ಗುರುತು ಕಾಣದಂತಾದಾಗ, ಅಥವಾ ಎದುರಿನಿಂದ ಬಹಳ ಹೊತ್ತು ಒಂದೂ ಗಾಡಿ ಬರದಿದ್ದಾಗ, ಮುಂದೆ ಹೋಗುವುದನ್ನು ನಿಲ್ಲಿಸಿ ಜಿಂಗ್‌ಜಿಂಗ್‌ಬಾರ್, ಸರ್ಚು, ಪಾಂಗ್ ಇವುಗಳಲ್ಲಿ ಹಿಂದೆ ಬಿಟ್ಟು ಬಂದ ತಂಗುದಾಣಕ್ಕೆ ಮರಳಬೇಕು. ದಾರ್ಚಾದ ಪೊಲೀಸ್ ಚೆಕ್‌ಪೋಸ್ಟಿನಲ್ಲಿ ಮುಂದಕ್ಕೆ ಬಿಡದಿದ್ದರೆ ವಾದಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ದಾರಿಯ ಸ್ಥಿತಿ ಗಡಿ ರಸ್ತೆ ಸಂಸ್ಥೆಯಿಂದ ಅವರಿಗೆ ತಿಳಿದಿರುತ್ತದೆ. ದಾರ್ಚಾದಿಂದ ಲೇಹ್ ಹತ್ತಿರದ ಉಪ್ಶಿಯ ತನಕ ಫೋನಿನ ಸಿಗ್ನಲ್ ನಂಬುವಂತಿಲ್ಲ, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ, ದಾರ್ಚಾಕ್ಕೆ ಮೊದಲೇ ಸಿಗುವ ತಾಂಡಿ ಬಂಕಿನ ಫಲಕ ಬಹಳ ಪ್ರಸಿದ್ಧ. ಸಿಕ್ಕಿಬಿದ್ದಾಗ ಹೀಟರಿಗೂ ಇಂಧನವೇ ಬೇಕಾದ್ದರಿಂದ ಅಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬಾರದು.

ಕೆಳಗಿಳಿದು ಟಾರು ರಸ್ತೆ ಸಿಕ್ಕಿದೊಡನೆ ಚೈನ್ ಬಿಚ್ಚಬೇಕು, ಒಣ ರಸ್ತೆಯಲ್ಲಿ ಅದು ಟಯರನ್ನೂ ತನ್ನನ್ನೂ ಕಡಿದುಕೊಳ್ಳುತ್ತದೆ. ನಾಲ್ಕು ಚಕ್ರಕ್ಕೂ ಬಲ ಕೊಡುವ ಲಿವರ್ ಹಾಕಿದ್ದರೆ ಎರಡಕ್ಕೆ ಮರಳಿಸಬೇಕು. ಸಡಿಲ ಹಿಮದಿಂದ ಹೊರಬರಲು ಟಯರಿನ ಗಾಳಿ ಇಳಿಸಿದವರು ಮನಾಲಿಯಲ್ಲೇ ತುಂಬಿಸಿಕೊಳ್ಳಬೇಕು. ಮೇಲೆ 20 ಪಿಎಸ್‌ಐ ತೋರಿಸಿದ ಟಯರ್ ಚಂಡೀಗಢದ ಬಯಲಿನಲ್ಲಿ 18ಕ್ಕೆ ಇಳಿದಿರುತ್ತದೆ, ಹೆದ್ದಾರಿಯ ವೇಗಕ್ಕೆ ಅದು ಸಿಡಿಯಬಹುದು. ಚಕ್ರದ ಒಳಬದಿಯಲ್ಲಿ ಅಂಟಿದ ಹಿಮಗಡ್ಡೆಯಿಂದ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಮೊದಲು ಕುಲ್ಲೂವಿನಲ್ಲೊಮ್ಮೆ ಗಾಡಿಯ ಕೆಳಭಾಗವನ್ನು ನೀರಿನಿಂದ ತೊಳೆಸಿ ನೋಡಬೇಕು.